ಭದ್ರ ಎಂದು ಕೂಗಿದವಳು

ಅವಳನ್ನು ಎಲ್ಲರೂ ಕರೆಯುವುದು ಗಿರಗಿಟ್ಲೆ ಎಂದು. ಏಳು ವರ್ಷದವಳಿದ್ದಾಗ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಜೋತುಬಿದ್ದು ಪಲ್ಟಿ ಹೊಡೆದು, ಹಾಲಿನ ಪಾತ್ರೆ ಉರುಳಿಸಿದ ದಿನ ಅವಳ ಚಿಕ್ಕಮ್ಮ ಸಿಟ್ಟಿನಲ್ಲಿ ಇಟ್ಟ ಹೆಸರು ಅದು. ಆಮೇಲೆ ಅವಳು ವ್ಯಾಯಾಮಶಾಲೆಗೆ ಸೇರಿ, ಜಿಮ್ನಾಸ್ಟ್ ಆಗಿ, ಗಾಳಿಯಲ್ಲಿ ಎರಡು ಸುತ್ತು ಸುತ್ತಿ ನೆಲಕ್ಕೆ ಅಂಟಿದ ಹಾಗೆ ನಿಲ್ಲುವುದನ್ನು ಕಲಿತಳು. ಹೆಸರು ಪತ್ರಿಕೆಯಲ್ಲೂ ಬಂತು. ಈಗ ಅವಳಿಗೆ ಮೂವತ್ತೊಂದು. ಸೊಂಟದಿಂದ ಕೆಳಗೆ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ಸುತ್ತುವುದು ಏನಿದ್ದರೂ ಗಾಲಿಕುರ್ಚಿಯ ಚಕ್ರ. ಹೆಸರು ಮಾತ್ರ ಹಾಗೇ ಉಳಿದಿದೆ. "ಹೆಸರಿಗೇನು ಬೆನ್ನುಮೂಳೆ ಇದೆಯಾ ಮುರಿಯೋದಕ್ಕೆ?" ಎಂದು ಅವಳೇ ಹೇಳಿ ನಗುತ್ತಾಳೆ. ಆ ನಗು ಕೇಳಿದವರು ಬೇಗ ಬೇರೆ ಮಾತು ತೆಗೆಯುತ್ತಾರೆ.

ಅವಳು ಕೆಲಸ ಮಾಡುವುದು ಮ್ಯಾಟು ಹೊಲಿಯುವ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಓಣಿಯ ಕೊನೆಯಲ್ಲಿ ಒಂದು ತಗಡಿನ ಶೆಡ್ಡು, ಆರು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಫೋಮಿನ ಹಾಳೆಗಳು, ಉರುಳೆ ಉರುಳೆ ರೆಕ್ಸಿನ್ ಬಟ್ಟೆ. ಅಂಟಿನ ವಾಸನೆಗೆ ಹೊಸಬರ ತಲೆ ಮಧ್ಯಾಹ್ನದೊಳಗೆ ಸಿಡಿಯುತ್ತದೆ. ಕುಸ್ತಿಯವರು, ಶಾಲೆಯವರು, ವ್ಯಾಯಾಮಶಾಲೆಯವರು ಬೀಳುವುದಕ್ಕೆ ಬೇಕಾದ ಮ್ಯಾಟುಗಳು ಇಲ್ಲಿ ತಯಾರಾಗುತ್ತವೆ. ಬೀಳುವ ವಿಷಯ ಅವಳಷ್ಟು ಬಲ್ಲವರು ಆ ಶೆಡ್ಡಿನಲ್ಲಿ ಇನ್ನೊಬ್ಬರಿಲ್ಲ.

ಯಂತ್ರಗಳಿಗೆಲ್ಲ ಕಾಲಲ್ಲಿ ಒತ್ತುವ ಪೆಡಲ್ಲು. ಅವಳಿಗೆ ಕಾಲು ಇದ್ದೂ ಇಲ್ಲ. ಯಜಮಾನ ಪೆಡಲ್ಲನ್ನು ಕಿತ್ತು ಮೇಜಿನ ಎಡಮೂಲೆಗೆ ತಂದು ಕೂರಿಸಿದ. ಎಡಮೊಣಕೈಯಲ್ಲಿ ಅದನ್ನು ಒತ್ತುತ್ತ, ಎರಡೂ ಕೈಯ ಬೆರಳುಗಳಲ್ಲಿ ದಪ್ಪ ರೆಕ್ಸಿನ್ನನ್ನು ಸೂಜಿಯ ಕೆಳಗೆ ತಳ್ಳಬೇಕು. ಮೊದಲ ತಿಂಗಳು ಹೊಲಿಗೆ ಹಾವು ಹರಿದ ಹಾಗೆ ಬಂತು. ಒಮ್ಮೆ ತೋರುಬೆರಳನ್ನೂ ಸೇರಿಸಿ ಹೊಲಿದುಬಿಟ್ಟಳು. "ನೋವಾದ್ರೆ ಹೇಳಮ್ಮ" ಎಂದ ಯಜಮಾನ. "ನೋವಾಗ್ತಿದೆ, ಅಷ್ಟಾದ್ರೂ ಆಗ್ತಿದೆಯಲ್ಲ" ಎಂದಳು. ಈಗ ಅವಳ ಹೊಲಿಗೆ ಬಿಚ್ಚಿ ವಾಪಸು ಬಂದದ್ದಿಲ್ಲ.

ಅರ್ಧ ಗಂಟೆಗೊಮ್ಮೆ ಅವಳು ಕುರ್ಚಿಯ ಎರಡೂ ಕೈಗಳನ್ನು ಹಿಡಿದು, ಇಡೀ ಮೈಯನ್ನು ಮೇಲಕ್ಕೆತ್ತಿ, ಇಪ್ಪತ್ತು ಎಣಿಸುವವರೆಗೆ ಹಾಗೇ ಇರಬೇಕು. ಇಲ್ಲದಿದ್ದರೆ ಕೂತ ಜಾಗದ ಚರ್ಮ ಸತ್ತು ಹುಣ್ಣಾಗುತ್ತದೆ. ಆದರೆ ಹುಣ್ಣಾದದ್ದು ಅವಳಿಗೆ ತಿಳಿಯುವುದಿಲ್ಲ. ಬೇರೆಯವರು ನೋಡಿ ಹೇಳಬೇಕು. ದಿನಾ ಸಂಜೆ ಅವಳನ್ನು ಮಂಚದ ಮೇಲೆ ಮಗುಚಿ ಹಾಕಿ, ಕೈಗನ್ನಡಿ ಹಿಡಿದು, ಚರ್ಮವನ್ನು ಅಂಗುಲ ಅಂಗುಲ ನೋಡುವವಳು ತಂಗಿ.

ಹಿಂದೊಮ್ಮೆ ಪತ್ರಿಕೆಯವರು ಬಂದು "ಸೋಲನ್ನೇ ಸೋಲಿಸಿದ ಛಲಗಾತಿ" ಎಂದು ಬರೆದರು. ಫೋಟೊಗೆ ನಗಿ ಎಂದರು, ಅವಳು ನಗಲಿಲ್ಲ. ದೂರವನ್ನು ದಿಟ್ಟಿಸುತ್ತಿರುವ ಕಣ್ಣು ಎಂದು ಅದನ್ನೂ ಚೆಂದ ಮಾಡಿ ಬರೆದರು. ಸೋಲಿಸಿದ್ದು ಎಲ್ಲಿ ಬಂತು ಸ್ವಾಮಿ? ಬೆಳಿಗ್ಗೆ ಬಟ್ಟೆ ತೊಡಲು ಮುಕ್ಕಾಲು ಗಂಟೆ ಬೇಕು, ಮೂತ್ರದ ಚೀಲ ಕಾಲಿಗೆ ಕಟ್ಟಿಕೊಂಡೇ ಕೆಲಸಕ್ಕೆ ಹೋಗಬೇಕು, ಎರಡು ಮೆಟ್ಟಿಲಿರುವ ಅಂಗಡಿಗೆ ಹತ್ತುವ ಹಾಗಿಲ್ಲ. ಇದಕ್ಕೆ ಬದುಕು ಕಟ್ಟಿಕೊಳ್ಳುವುದು ಎನ್ನುತ್ತಾರೆ. ಕಟ್ಟಿದ್ದು ನಿಜ. ಯಾರ ಬೆನ್ನ ಮೇಲೆ ಕಟ್ಟಿದ್ದು ಎಂದು ಮಾತ್ರ ಆ ಪತ್ರಿಕೆಯವನು ಕೇಳಲಿಲ್ಲ.

ವ್ಯಾಯಾಮಶಾಲೆಯ ಮೇಷ್ಟ್ರದ್ದು ಒಂದು ನಿಯಮವಿತ್ತು. ಜಿಗಿಯುವವಳು ತನ್ನ ಮ್ಯಾಟನ್ನು ತಾನು ನೋಡಬಾರದು. "ಬಗ್ಗಿ ನೋಡಿದ್ರೆ ಭಯ ಒಳಗೆ ಬರುತ್ತೆ. ಭಯ ಹೊಕ್ಕ ಕಾಲು ಓಡಲ್ಲ" ಅನ್ನುತ್ತಿದ್ದರು. ಜಿಗಿತದ ಮೇಜಿನ ಆಚೆ ಎರಡು ದಪ್ಪ ಮ್ಯಾಟುಗಳನ್ನು ಜೋಡಿಸಿ, ಅವು ಬೇರೆಯಾಗದಂತೆ ಅಡಿಯಲ್ಲಿ ಪಟ್ಟಿಗಳಿಂದ ಬಿಗಿದಿರುತ್ತಿದ್ದರು. ಸಾಲಿನಲ್ಲಿ ಹಿಂದೆ ನಿಂತವಳು ಹೋಗಿ ಆ ಪಟ್ಟಿಗಳನ್ನು ನೋಡಿ, ಪಕ್ಕಕ್ಕೆ ಸರಿದು "ಭದ್ರ!" ಎಂದು ಕೂಗಬೇಕು. ಕೂಗು ಕಿವಿಗೆ ಬಿದ್ದರೆ ಮುಂದಿನವಳು ಕಣ್ಣು ಮುಚ್ಚಿ ನಂಬಿ ಓಡಬೇಕು. ಆ ಹುಡುಗಿಯರು ಹೆತ್ತ ತಾಯಿಯ ಮಾತಿಗೆ ಎದುರಾಡುತ್ತಿದ್ದರು, ಆ ಕೂಗಿಗೆ ಎಂದೂ ಎದುರಾಡಿದವರಲ್ಲ.

ಹನ್ನೆರಡು ವರ್ಷದ ಹಿಂದೆ, ತಂಡದ ದೊಡ್ಡ ಆಯ್ಕೆಗೆ ಎರಡು ದಿನ ಬಾಕಿಯಿದ್ದಾಗ, ಅಕ್ಕನ ಹಿಂದೆ ನಿಂತಿದ್ದವಳು ತಂಗಿಯೇ. ಆಗ ತಂಗಿಗೆ ಹದಿನೇಳು. ಹೋದಳು, ಬಗ್ಗಿದಳು, ಸರಿದು ನಿಂತು "ಭದ್ರ!" ಎಂದಳು. ಅಕ್ಕ ಓಡಿದಳು. ಕೈ ಮೇಜಿಗೆ ತಾಗಿತು, ಮೈ ಮೇಲೆದ್ದಿತು, ಎರಡು ಸುತ್ತೂ ಸರಿಯಾಗಿಯೇ ಬಂದವು. ಸರಿಯಾಗಿಯೇ ಬಂದವು ಎಂದು ಅವಳು ಈಗಲೂ ಒತ್ತಿ ಹೇಳುತ್ತಾಳೆ. ಕಾಲು ತಾಗಿದ್ದೇ ತಡ, ಎರಡು ಮ್ಯಾಟುಗಳು ಎರಡು ಕಡೆಗೆ ಜಾರಿದವು. ನಡುವೆ ತೆರೆದ ಸಂದಿಯಲ್ಲಿ ಸಿಮೆಂಟು ನೆಲ ಇತ್ತು.

ವಿಚಾರಣೆ ಅಂತ ಒಂದು ನಡೆಯಿತು. ಮೇಷ್ಟ್ರು ಬರೆದುಕೊಟ್ಟರು: ಕೂಗಿಗೆ ಕಾಯದೆ, ಅಪ್ಪಣೆಯಿಲ್ಲದೆ ಓಡಿದ್ದರಿಂದ ಹೀಗಾಯಿತು. ತಾನು ಕೂಗಿದ್ದು ನಿಜ ಎಂದು ತಂಗಿ ಹೇಳಲು ಹೋದರೆ, "ಕೂಗಿದೆ ಅಂದ್ರೆ ತಪ್ಪು ನಿಂದಾಗುತ್ತೆ ಕಣಮ್ಮ, ಸುಮ್ನಿರು" ಎಂದು ಅವಳ ಬಾಯಿಗೆ ಬೀಗ ಹಾಕಿದರು. ಮೇಷ್ಟ್ರು ಆಮೇಲೆ ಆರು ವರ್ಷ ಕೆಲಸ ಮಾಡಿ, ಹಾರ ಹಾಕಿಸಿಕೊಂಡು ನಿವೃತ್ತರಾದರು. ಆ ಎರಡು ಮ್ಯಾಟುಗಳನ್ನು ಮಾತ್ರ ಯಾವ ಹುಡುಗಿಯೂ ತುಳಿಯಲು ಒಪ್ಪದೆ, ಹಗ್ಗ ಬಿಗಿದು ಉಗ್ರಾಣಕ್ಕೆ ಎಸೆದರು.

ಕಾಗದದಲ್ಲಿ ತಪ್ಪು ಅಕ್ಕನದು. ಮನೆಯಲ್ಲಿ ತಪ್ಪು ತಂಗಿಯದು. ಅಪ್ಪ ಮೊದಲೇ ಇರಲಿಲ್ಲ. ಅಮ್ಮ ಮೂರು ವರ್ಷ ದೊಡ್ಡ ಮಗಳನ್ನು ಎತ್ತಿ ಇಳಿಸಿ ಸಾಕಾಗಿ ತೀರಿಕೊಂಡಳು. ಆಮೇಲೆ ಎತ್ತುವ, ಇಳಿಸುವ, ತೊಳೆಯುವ, ಮಗುಚುವ ಕೆಲಸವೆಲ್ಲ ತಂಗಿಗೇ ಬಂತು. ಅಕ್ಕ ಬಿದ್ದ ದಿನವೇ ಅವಳು ಜಿಮ್ನಾಸ್ಟಿಕ್ಸ್ ಬಿಟ್ಟಿದ್ದಳು. ಮಧ್ಯಾಹ್ನ ಮನೆಗೆ ಬಂದು ಹೋಗಲು ಆಗುತ್ತದೆ ಎಂಬ ಒಂದೇ ಕಾರಣಕ್ಕೆ ಬೀದಿಯ ಕೊನೆಯ ಔಷಧಿ ಅಂಗಡಿಗೆ ಸೇರಿದಳು. ಒಂದು ದಿನಕ್ಕೂ ತುಟಿ ಪಿಟಕ್ಕೆನ್ನಲಿಲ್ಲ.

ತುಟಿ ಪಿಟಕ್ಕೆನ್ನದವರನ್ನು ಬೈಯುವುದು ಸುಲಭ. ಅಕ್ಕನ ಬಳಿ ಒಂದು ಮಾತಿತ್ತು. ತಂಗಿ ಎಲ್ಲಿಗಾದರೂ ಹೊರಟರೆ, ಎರಡು ದಿನದ ಪ್ರವಾಸವಿರಲಿ, ಗೆಳತಿಯ ಮದುವೆಯಿರಲಿ, ಆ ಮಾತು ಹೊರಗೆ ಬರುತ್ತಿತ್ತು. "ಹೋಗಮ್ಮ, ಹೋಗು. ನಿಂಗೇನು, ಭದ್ರ ಅಂತ ಕೂಗಿ ಪಕ್ಕಕ್ಕೆ ಸರಿದು ನಿಂತ್ಕೊಳ್ಳೋದು ಚೆನ್ನಾಗಿ ಗೊತ್ತಲ್ಲ." ಅಷ್ಟೇ. ಕೂಗಾಟವಿಲ್ಲ, ಅಳುವಿಲ್ಲ. ತಂಗಿ ಹೆಗಲಿಗೆ ಹಾಕಿದ ಚೀಲವನ್ನು ಮತ್ತೆ ಮೊಳೆಗೆ ನೇತುಹಾಕುತ್ತಿದ್ದಳು. ಅಂಗಡಿಗೆ ಬರುತ್ತಿದ್ದ ಒಬ್ಬ ವಿದ್ಯುತ್ ಕೆಲಸದವನು, ಒಳ್ಳೆಯ ಮನುಷ್ಯ, ಅವಳನ್ನು ಮದುವೆಯಾಗುತ್ತೇನೆಂದು ಕೇಳಿದ್ದ. ಆಗಲೂ ಈ ಮಾತು ಬಂತು. ಅವನು ಒಂದು ವರ್ಷ ಕಾದು, ಬೇರೆ ಕಡೆ ಮದುವೆಯಾದ. ಅಕ್ಕನಿಗೆ ಅಂದು ಒಳಗೊಳಗೇ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು, ನಾಚಿಕೆ ಎರಡು ದಿನದಲ್ಲಿ ಹೋಯಿತು.

ಇಷ್ಟರಲ್ಲಿ ಚಿಕ್ಕಮ್ಮ ಒಂದು ದಿನ ಬಂದಳು. ಅಮ್ಮನ ತಂಗಿ ಈಕೆ. ಎರಡು ಬೀದಿ ಆಚೆ ಒಬ್ಬಳೇ ಇರುವವಳು, ನಾಲಿಗೆಗೆ ಮೂಳೆಯೂ ಇಲ್ಲ, ಕಡಿವಾಣವೂ ಇಲ್ಲ. ಬಂದವಳೇ ಬಾಯಿಬಿಟ್ಟಳು. ತಂಗಿ ಅಕ್ಕನಿಗೆ ತಿಳಿಯದ ಹಾಗೆ ಅಂಚೆಯಲ್ಲಿ ಓದಿ ವ್ಯಾಯಾಮ ಶಿಕ್ಷಕಿಯ ಪರೀಕ್ಷೆ ಪಾಸು ಮಾಡಿದ್ದಳಂತೆ. ದೂರದ ಊರಿನ ಒಂದು ವಸತಿ ಶಾಲೆಯಲ್ಲಿ ಪುಟ್ಟ ಹುಡುಗಿಯರಿಗೆ ಜಿಮ್ನಾಸ್ಟಿಕ್ಸ್ ಕಲಿಸುವ ಕೆಲಸ ಸಿಕ್ಕಿದೆಯಂತೆ. ಶನಿವಾರದೊಳಗೆ ಬರುತ್ತೇನೆಂದು ತಿಳಿಸಬೇಕು, ಮುಂದಿನ ತಿಂಗಳು ಒಂದನೇ ತಾರೀಕು ಸೇರಬೇಕು. ಪತ್ರ ಔಷಧಿ ಅಂಗಡಿಯ ಡ್ರಾಯರಿನಲ್ಲಿದೆ.

"ಅವಳ ಬದುಕೂ ಸ್ವಲ್ಪ ನೋಡ್ಬೇಡ್ವೇನೇ?" ಎಂದಳು ಚಿಕ್ಕಮ್ಮ. "ಇಪ್ಪತ್ತೊಂಬತ್ತಾಯ್ತು ಅವಳಿಗೆ. ನೀನು ಕುರ್ಚೀಲಿ ಕೂತಿದೀಯ, ಸರಿ. ಅವಳನ್ನ ಯಾಕೆ ಕೂರಿಸಿದೀಯ?"

"ಎದ್ದು ಹೊರಗೆ ಹೋಗಿ ಚಿಕ್ಕಮ್ಮ. ಇನ್ಮೇಲೆ ಈ ಮನೆಗೆ ಬರ್ಬೇಡಿ."

ಚಿಕ್ಕಮ್ಮ ಎದ್ದು ಹೋದಳು. ಅಂದು ಸಂಜೆ ತಂಗಿ ಕನ್ನಡಿ ಹಿಡಿದು ಚರ್ಮ ನೋಡುತ್ತಿದ್ದಾಗ ಅಕ್ಕ ಪತ್ರದ ಮಾತೆತ್ತಲಿಲ್ಲ. ತಂಗಿಯೂ ಎತ್ತಲಿಲ್ಲ. ಶನಿವಾರಕ್ಕೆ ಆರು ದಿನ ಇತ್ತು.

ಸೋಮವಾರ ಕಾರ್ಖಾನೆಗೆ ಒಂದು ಲಾರಿ ಬಂತು. ಹಳೇ ವ್ಯಾಯಾಮಶಾಲೆಯ ಉಗ್ರಾಣ ಖಾಲಿ ಮಾಡಿದ್ದರು. ಕೊಳೆತದ್ದನ್ನು ಎಸೆದು, ಉಳಿದ ಮ್ಯಾಟುಗಳಿಗೆ ಹೊಸ ಹೊದಿಕೆ ಹಾಕಿ ಕೊಡಿ ಎಂದು ಕಳಿಸಿದ್ದರು. ಹಗ್ಗ ಬಿಗಿದ ಎರಡು ದಪ್ಪ ಮ್ಯಾಟುಗಳು ಶೆಡ್ಡಿನ ಬಾಗಿಲಲ್ಲಿ ಇಳಿದಾಗ ಅವಳಿಗೆ ಗುರುತು ಸಿಗಲು ಒಂದು ಕ್ಷಣವೂ ಹಿಡಿಯಲಿಲ್ಲ. ನೀಲಿ ಬಣ್ಣ ಮಾಸಿ ಬೂದಿಯಾಗಿತ್ತು. ಮೂಲೆಯಲ್ಲಿ ಶಾಲೆಯ ಹುಡುಗಿಯರು ಪೆನ್ನಲ್ಲಿ ಗೀಚಿದ ಬೆಕ್ಕಿನ ಚಿತ್ರ ಹಾಗೇ ಇತ್ತು.

ಯಜಮಾನನಿಗೂ ಹೊಳೆಯಿತು. "ಇದನ್ನ ಬೇರೆಯವರಿಗೆ ಕೊಡ್ತೀನಿ. ನೀನು ಕುಸ್ತಿಯವರದು ನೋಡು."

"ಬೇಡ ಯಜಮಾನ್ರೇ. ನಾನೇ ಬಿಚ್ತೀನಿ."

ಅವನು ಅವಳನ್ನು ಗಟ್ಟಿಗಿತ್ತಿ ಅಂದುಕೊಂಡ. ವಿಷಯ ಬೇರೆಯಿತ್ತು. ಪಟ್ಟಿಯ ಬಕಲ್ಲು ಚೆನ್ನಾಗಿದ್ದು, ಬಿಗಿಯದೆ ಹಾಗೇ ಬಿಟ್ಟದ್ದು ಕಂಡರೆ ಸಾಕು, ತಂಗಿ ಬಗ್ಗಿ ನೋಡಿದ್ದು ಬರೀ ನಾಟಕ ಎಂದಾಗುತ್ತದೆ. ಅದನ್ನು ಶನಿವಾರದೊಳಗೆ ಅವಳ ಕೈಗಿಡಬೇಕು. ಕೈಗಿಟ್ಟರೆ ಅವಳು ಎಲ್ಲಿಗೂ ಹೋಗುವುದಿಲ್ಲ. ಅಕ್ಕನಾದವಳು ಇಂಥದ್ದನ್ನು ಯೋಚಿಸಬಹುದೇ ಎಂದು ಕೇಳಿದರೆ, ಯೋಚಿಸಿದಳು. ನನ್ನನ್ನು ದಿನಾ ಬೆಳಿಗ್ಗೆ ಯಾರು ಎತ್ತುತ್ತಾರೆ ಎಂಬ ಭಯ ಹೊಟ್ಟೆಯೊಳಗೆ ಕೂತವರಿಗೆ ಇನ್ನೇನು ಹೊಳೆಯುತ್ತದೆ?

ಬುಧವಾರ ಮಧ್ಯಾಹ್ನ ಮ್ಯಾಟನ್ನು ಮೇಜಿನ ಮೇಲೆ ಬೋರಲು ಹಾಕಿಸಿಕೊಂಡಳು. ಹಳೇ ಹೊದಿಕೆಯ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದೇ ಬಿಡಿಸುತ್ತ ಅಡಿಯಂಚಿಗೆ ಬಂದಳು. ಮೂರು ಪಟ್ಟಿ. ಎರಡರ ಹೊಲಿಗೆ ಬುಡದಲ್ಲೇ ಹರಿದಿತ್ತು, ಬಿದ್ದಾಗ ಎಳೆದದ್ದು. ನಡುವಿನ ಪಟ್ಟಿಯ ಬಕಲ್ಲಿನ ನಾಲಿಗೆ ಮುರಿದು ತುಕ್ಕು ಹಿಡಿದಿತ್ತು, ತೀರಾ ಹಳೆಯ ಮುರಿತ. ಅದರ ಸುತ್ತ ಬಿಳಿಯ ಅಂಟುಪಟ್ಟಿ ಸುತ್ತಿತ್ತು, ಜಿಮ್ನಾಸ್ಟರು ಮಣಿಕಟ್ಟಿಗೆ ಸುತ್ತಿಕೊಳ್ಳುವ ಟೇಪು. ಬಿಳಿ ಹೋಗಿ ಹಳದಿಯಾಗಿತ್ತು, ನಡುವೆ ಸೀಳಿತ್ತು. ಕಾಲಿನ ಗಂಟಿಗೆ ಸುತ್ತುವ ಹಾಗೆ ಎಂಟರ ಆಕಾರದಲ್ಲಿ ಸುತ್ತಿದ್ದು. ಕೊನೆಯಲ್ಲಿ, ಬಿಚ್ಚುವಾಗ ಸುಲಭವಾಗಲಿ ಎಂದು ಟೇಪಿನ ತುದಿಯನ್ನು ಮಡಿಚಿ ಒಂದು ಪುಟ್ಟ ಕಿವಿ ಬಿಟ್ಟಿತ್ತು.

ಹಾಗೆ ಕಿವಿ ಬಿಡುತ್ತಿದ್ದವಳು ಇಡೀ ವ್ಯಾಯಾಮಶಾಲೆಯಲ್ಲಿ ಒಬ್ಬಳೇ. ಬೇರೆ ಹುಡುಗಿಯರು ಅದನ್ನು ಗಿರಗಿಟ್ಲೆಯ ಕಿವಿ ಎಂದು ಆಡಿಕೊಳ್ಳುತ್ತಿದ್ದರು.

ಮರೆತಿದ್ದಳೇ? ಮರೆಯಲು ಅದು ನೆನಪಿನಲ್ಲಿ ಕೂತಿದ್ದರೆ ತಾನೆ. ಆ ಮಕ್ಕಳು ಎಲ್ಲದಕ್ಕೂ ಟೇಪು ಸುತ್ತುವವರು. ಮಣಿಕಟ್ಟಿಗೆ, ಹೆಬ್ಬೆರಳಿಗೆ, ಹರಿದ ಶೂಸಿಗೆ, ನೀರಿನ ಬಾಟಲಿಗೆ. ಬೆಳಿಗ್ಗೆ ಹಲ್ಲುಜ್ಜಿದ್ದು ಯಾರಿಗೆ ನೆನಪಿರುತ್ತದೆ? ಈಗ ಆ ಕಿವಿಯನ್ನು ಹೆಬ್ಬೆರಳಲ್ಲಿ ಮುಟ್ಟಿದಾಗ ಒಂದೊಂದಾಗಿ ಮೇಲೆ ಬಂತು. ಬಕಲ್ಲು ಮುರಿದು ತಿಂಗಳಾಗಿತ್ತು. ಮೇಷ್ಟ್ರಿಗೆ ಹೇಳಿದರೆ "ಆಮೇಲೆ ನೋಡೋಣ" ಎಂದಿದ್ದರು. ಮತ್ತೆ ಹೇಳಿದರೆ ಮ್ಯಾಟು ರಿಪೇರಿಗೆ ಹೋಗುತ್ತದೆ, ನಾಲ್ಕು ದಿನ ಅಭ್ಯಾಸ ನಿಲ್ಲುತ್ತದೆ, ಆಯ್ಕೆಗೆ ಉಳಿದದ್ದು ಮೂರೇ ದಿನ. ಮಂಡಿಯೂರಿ ಕೂತು, ಹಲ್ಲಲ್ಲಿ ಟೇಪು ಹರಿದು, ಬಿಗಿದು ಸುತ್ತಿದ್ದಳು. ಸುತ್ತಿದ ಮೇಲೆ ಎಳೆದು ನೋಡಿ, ಸಾಕು, ಮೂರು ದಿನ ತಡೆಯುತ್ತದೆ ಅಂದುಕೊಂಡು ಎದ್ದಿದ್ದಳು.

ಅವಳು ಆ ಪಟ್ಟಿಯನ್ನು ಕತ್ತರಿಸಿ ಚಿಂದಿಯ ಚೀಲಕ್ಕೆ ಎಸೆದಳು. ಐದು ನಿಮಿಷ ಬಿಟ್ಟು ಚಕ್ರ ತಳ್ಳಿಕೊಂಡು ಹೋಗಿ ಮತ್ತೆ ತೆಗೆದಳು. ಎಸೆಯಲೂ ಮನಸ್ಸಿಲ್ಲ, ತೋರಿಸಲೂ ಮನಸ್ಸಿಲ್ಲ. ತೋರಿಸಿದರೆ ತಂಗಿ ಹೋಗುತ್ತಾಳೆ. ಹೋಗುವುದಷ್ಟೇ ಅಲ್ಲ, ಹನ್ನೆರಡು ವರ್ಷಕ್ಕೆ ಲೆಕ್ಕ ಕೇಳುತ್ತಾಳೆ, ಕೇಳಬೇಕಾದದ್ದೇ. ಕುರ್ಚಿಗೆ ನೇತುಹಾಕಿದ ಚೀಲವನ್ನು ತಂಗಿ ದಿನಾ ಖಾಲಿ ಮಾಡುತ್ತಾಳೆ, ಅಲ್ಲಿ ಇಡುವ ಹಾಗಿಲ್ಲ. ಕೂರುವ ಮೆತ್ತೆಯ ಹೊದಿಕೆಯ ಜಿಪ್ಪು ಎಳೆದು ಒಳಗೆ ತುರುಕಿದಳು. ಸದ್ಯಕ್ಕೆ ಇರಲಿ, ನಾಳೆ ಬೇರೆ ಜಾಗ ನೋಡೋಣ ಅಂದುಕೊಂಡಳು.

ಗುರುವಾರ ನೋಡಲಿಲ್ಲ. ಶುಕ್ರವಾರವೂ ನೋಡಲಿಲ್ಲ. ಯಂತ್ರ ಓಡುತ್ತಿತ್ತು, ತಲೆ ಬೇರೆಲ್ಲೋ ಇತ್ತು. ಅರ್ಧ ಗಂಟೆಗೊಮ್ಮೆ ಮೈಯೆತ್ತುವುದೂ ತಪ್ಪಿತು. "ಏನಮ್ಮ, ಇವತ್ತು ಕಸರತ್ತೇ ಇಲ್ಲ?" ಎಂದು ಯಜಮಾನ ಕೇಳಿದಾಗ ಒಮ್ಮೆ ಎತ್ತಿ ಹತ್ತಕ್ಕೇ ಇಳಿಸಿದಳು. ಗುರುವಾರ ಸಂಜೆ ಸುಸ್ತಾಗಿದೆ ಎಂದು ತಂಗಿಗೆ ಚರ್ಮ ನೋಡಲೂ ಬಿಡಲಿಲ್ಲ. ಎರಡು ದಿನ ಪೂರ್ತಿ ಅವಳು ಆ ಮುರಿದ ಬಕಲ್ಲಿನ ಮೇಲೆ ಕೂತಿದ್ದಳು, ಗೊತ್ತಾಗಲಿಲ್ಲ.

ಶುಕ್ರವಾರ ಸಂಜೆ ತಂಗಿ ಅವಳನ್ನು ಮಂಚದ ಮೇಲೆ ಮಗುಚಿ, ಕನ್ನಡಿ ಹಿಡಿದವಳು ಅದನ್ನು ಇನ್ನೂ ಹತ್ತಿರ ತಂದಳು. ಬೆರಳಿಟ್ಟು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು.

"ಅಕ್ಕ, ಏನಿದು? ಕೆಂಪಾಗಿ ಮಧ್ಯ ಕಪ್ಪಾಗಿದೆ. ಚೌಕಾಕಾರಕ್ಕೆ ಅಚ್ಚೊತ್ತಿದ ಹಾಗಿದೆ. ಯಾವುದ್ರ ಮೇಲೆ ಕೂತಿದ್ದೆ?"

"ಏನೂ ಇಲ್ಲ."

ತಂಗಿ ಕುರ್ಚಿಯ ಮೆತ್ತೆಯನ್ನು ತಡವಿದಳು. ಜಿಪ್ಪು ಎಳೆಯುವ ಸದ್ದು ಕೇಳಿಸಿತು. ಬೋರಲು ಮಲಗಿದ್ದ ಅಕ್ಕನಿಗೆ ತಂಗಿಯ ಪಾದಗಳು ಮಾತ್ರ ಕಾಣುತ್ತಿದ್ದವು. ಬಾಗಿಲ ಕಡೆ ಓಡುತ್ತವೆ ಅಂದುಕೊಂಡಳು. ಪಾದಗಳು ಅಲ್ಲಾಡಲಿಲ್ಲ.

"ಸಿಕ್ತಾ ಇದು?" ಎಂದಳು ತಂಗಿ. ದನಿಯಲ್ಲಿ ಸಿಟ್ಟಿರಲಿಲ್ಲ. ಆಶ್ಚರ್ಯವೂ ಇರಲಿಲ್ಲ.

ಅಕ್ಕ ಕತ್ತು ಹೊರಳಿಸಿದಳು. "ನಿಂಗೆ ಗೊತ್ತಿತ್ತಾ?"

"ಅವತ್ತು ಬಗ್ಗಿ ನೋಡ್ದಾಗಲೇ ಕಂಡಿತ್ತು. ಬಕಲ್ಲು ಮುರಿದಿದೆ, ಟೇಪು ಸುತ್ತಿದೆ. ಮೇಷ್ಟ್ರಿಗೆ ಹೇಳೋಣ ಅಂತ ಎದ್ದೆ. ಅಷ್ಟರಲ್ಲಿ ಕಿವಿ ಕಾಣಿಸ್ತು. ಓ, ಅಕ್ಕ ಸುತ್ತಿರೋದು ಅಂದ್ಕೊಂಡೆ. ನೀನು ಸುತ್ತಿದ್ದು ಬಿಚ್ಚೋದುಂಟಾ? ಭದ್ರ ಅಂದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಮೊದಲು ನೀನು ಆಸ್ಪತ್ರೇಲಿದ್ದೆ, ಹೇಗೆ ಹೇಳೋದು? ಆಮೇಲೆ ನೀನು ನನ್ನ ಬೈಯೋಕೆ ಶುರು ಮಾಡ್ದೆ. ಬೈದ ದಿನ ನಾಲ್ಕು ತುತ್ತು ಜಾಸ್ತಿ ತಿಂತಿದ್ದೆ, ಅಮ್ಮನೂ ನೋಡಿದ್ಲು. ನಾನು ಬಾಯಿಬಿಟ್ರೆ ನಿಂಗೆ ಬೈಯೋಕೆ ಯಾರಿರ್ತಿದ್ರು? ನಿನ್ನನ್ನ ನೀನೇ ತಿಂದ್ಕೋತಿದ್ದೆ."

ಇಂಥ ಕಡೆ ಇಬ್ಬರೂ ತಬ್ಬಿಕೊಂಡು ಅತ್ತರು ಎಂದು ಬರೆಯುವ ಪದ್ಧತಿಯಿದೆ. ಹಾಗಾಗಲಿಲ್ಲ. ಗಿರಗಿಟ್ಲೆಗೆ ಮೈಯೆಲ್ಲ ಉರಿದುಹೋಯಿತು, ಉರಿ ತಾಗುವಷ್ಟು ಮೈ. ಕೈಗೆ ಸಿಕ್ಕ ಕನ್ನಡಿಯನ್ನು ಗೋಡೆಗೆ ಬೀಸಿದಳು.

"ಕನಿಕರ ತೋರಿಸ್ದೆಯಾ ನಂಗೆ? ಹನ್ನೆರಡು ವರ್ಷ? ಹುಚ್ಚಿಗೆ ಗೊಂಬೆ ಕೊಟ್ಟು ಕೂರಿಸಿದ ಹಾಗೆ ಬೈಯೋಕೆ ಬಿಟ್ಟು ಕೂರಿಸಿದ್ದೀಯಾ? ದೊಡ್ಡ ತ್ಯಾಗಮಯಿ! ನಿನ್ನ ಅಂಗಡಿಗೆ ಬರ್ತಿದ್ದವನು ಮದುವೆಗೆ ಕೇಳಿದಾಗಲಾದ್ರೂ ಬಾಯಿ ಬಿಡ್ಬಾರದಿತ್ತಾ? ನನ್ನ ಇಷ್ಟು ಕೆಟ್ಟವಳನ್ನ ಮಾಡೋಕೆ ನಿಂಗೆ ಯಾರು ಹಕ್ಕು ಕೊಟ್ರು?"

"ನಾನು ಮಾಡಿದ್ದಾ?" ಎಂದಳು ತಂಗಿ. ಹನ್ನೆರಡು ವರ್ಷದಲ್ಲಿ ಅವಳು ಎದುರಾಡಿದ್ದು ಅದೇ ಮೊದಲು. ಅಷ್ಟು ಹೇಳಿ, ಪೊರಕೆ ತಂದು ಗಾಜು ಗುಡಿಸಿದಳು. ಆಮೇಲೆ ಗಾಯಕ್ಕೆ ಔಷಧಿ ಹಚ್ಚಿದಳು.

ಮರುದಿನ ಬೆಳಿಗ್ಗೆ ದಾದಿ ಬಂದು ನೋಡಿ ತಲೆಯಲ್ಲಾಡಿಸಿದಳು. ಕನಿಷ್ಠ ಒಂದು ತಿಂಗಳು ಕೂರುವ ಹಾಗಿಲ್ಲ, ಬೋರಲೇ ಮಲಗಿರಬೇಕು, ಎರಡು ಗಂಟೆಗೊಮ್ಮೆ ಯಾರಾದರೂ ಪಕ್ಕಕ್ಕೆ ಹೊರಳಿಸಬೇಕು, ಇಲ್ಲದಿದ್ದರೆ ಮೂಳೆಯವರೆಗೆ ಇಳಿಯುತ್ತದೆ. ಒಂದನೇ ತಾರೀಕಿಗೆ ಉಳಿದದ್ದು ಹತ್ತು ದಿನ. ಅಕ್ಕ ಪಟ್ಟಿಯನ್ನು ಅಡಗಿಸಿದ್ದು ತಂಗಿ ಹೋಗಬಾರದೆಂದು. ಅಡಗಿಸಿದ ಪಟ್ಟಿ ಅವಳು ಕೇಳಿಕೊಂಡ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು.

ದಾದಿ ಹೋದ ಮೇಲೆ ತಂಗಿ ಔಷಧಿ ಅಂಗಡಿಯಿಂದ ತಂದ ಪತ್ರವನ್ನು ಎರಡಾಗಿ ಮಡಿಚಿ, ಇನ್ನೊಮ್ಮೆ ಮಡಿಚಿದಳು. "ಬರಲ್ಲ ಅಂತ ತಿಳಿಸ್ಬಿಡ್ತೀನಿ. ಮುಂದೆ ಇನ್ನೊಂದು ಸಿಗುತ್ತೆ." ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಫೋನು ಕೊಡು ಇಲ್ಲಿ," ಎಂದಳು ಅಕ್ಕ.

ಚಿಕ್ಕಮ್ಮನ ನಂಬರನ್ನು ಎರಡು ಸಲ ಒತ್ತಿ ಅಳಿಸಿ, ಮೂರನೇ ಸಲ ಕರೆ ಮಾಡಿದಳು. ಬಿದ್ದ ದಿನದಿಂದ ಇವತ್ತಿನವರೆಗೆ ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ. ಕೇಳುವ ಅಗತ್ಯವೇ ಬಾರದಂತೆ ಒಬ್ಬಳನ್ನು ಕಟ್ಟಿಹಾಕಿಕೊಂಡಿದ್ದಳಲ್ಲ.

"ಚಿಕ್ಕಮ್ಮ. ನಾನು. ಒಂದು ತಿಂಗಳು ಬಂದು ಇರ್ತೀರಾ? ಹೊರಳಿಸ್ಬೇಕು, ತೊಳೀಬೇಕು. ಗಲೀಜು ಕೆಲಸ."

"ಬರ್ಬೇಡ ಅಂದಿದ್ದೆಯಲ್ಲ?"

"ಅಂದಿದ್ದೆ. ಈಗ ಬನ್ನಿ ಅಂತಿದೀನಿ. ಕಾಲು ಹಿಡ್ಕೊಳ್ಳೋಣ ಅಂದ್ರೆ ಏಳೋಕಾಗಲ್ಲ."

"ನನ್ನ ಸೊಂಟವೇ ನೆಟ್ಟಗಿಲ್ಲ. ಬರ್ತೀನಿ, ಆದ್ರೆ ನನ್ನ ಬೈದ್ರೆ ವಾಪಸ್ ಬೈತೀನಿ. ನಾನು ಪುಟ್ಟಿ ಅಲ್ಲ."

ಪುಟ್ಟಿ ಎಂದರೆ ತಂಗಿ. ಅವಳು ಮಡಿಚಿದ ಪತ್ರವನ್ನು ಬಿಡಿಸಿ, ಮೇಜಿನ ಮೇಲೆ ಅಂಗೈಯಲ್ಲಿ ಉಜ್ಜಿ ಸರಿ ಮಾಡುತ್ತ ನಿಂತಿದ್ದಳು. ಅಂದೇ, ಶನಿವಾರ ಮಧ್ಯಾಹ್ನ, ಕೆಲಸಕ್ಕೆ ಬರುತ್ತೇನೆಂದು ಶಾಲೆಗೆ ತಿಳಿಸಿದಳು.

ಮುಂದಿನ ದಿನಗಳಲ್ಲಿ ಮನೆ ಸುಖವಾಗಿತ್ತು ಎಂದಲ್ಲ. ಅಕ್ಕ ದಿಂಬಿಗೆ ಮುಖ ಒತ್ತಿ ಮಲಗಿರುತ್ತಿದ್ದಳು. ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಇಷ್ಟು ವರ್ಷ ತಂಗಿಯ ಮೇಲೆ ಹೇರಿದ್ದು ಈಗ ಅವಳ ಪಕ್ಕದಲ್ಲೇ ಬಂದು ಮಲಗಿತ್ತು. ಮೇಷ್ಟ್ರ ಆಮೇಲೆ ನೋಡೋಣ, ತನ್ನ ಟೇಪು, ತಂಗಿಯ ಕೂಗು, ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಯಾವುದನ್ನು ಮೊದಲು ಹಿಡಿದರೂ ಕೊನೆಗೆ ಹಲ್ಲಲ್ಲಿ ಟೇಪು ಹರಿಯುವ ಆ ಹುಡುಗಿಯೇ ಕಣ್ಣಿಗೆ ಬರುತ್ತಿದ್ದಳು. ತಂಗಿಯ ಕ್ಷಮೆ ಕೇಳಬೇಕೆಂದು ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ನೀರು ಕೇಳಿದಳು. ಚಿಕ್ಕಮ್ಮ ಬಂದು ಸೇರಿದಳು. ಹೊರಳಿಸುವುದು ಹೇಗೆ, ಚೀಲ ಬದಲಿಸುವುದು ಹೇಗೆ ಎಂದು ತಂಗಿ ಕಲಿಸಿಕೊಟ್ಟಳು. "ಹಸುವಿನಷ್ಟು ಭಾರ ಇದೀಯಲ್ಲೇ" ಎಂದು ಚಿಕ್ಕಮ್ಮ ಗೊಣಗಿದರೆ ಅಕ್ಕ ಹಲ್ಲು ಕಚ್ಚಿ ಸಹಿಸಿದಳು.

ಹೊರಡುವ ದಿನ ಬೆಳಿಗ್ಗೆ ತಂಗಿ ಹೊಸ ಕನ್ನಡಿಯನ್ನು ಕಿಟಕಿಯ ಮೇಲಿಟ್ಟಳು. ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಚೀಲ ಹೆಗಲಲ್ಲಿತ್ತು.

"ಹೋಗಿ ಬರ್ತೀನಿ ಅಕ್ಕ."

"ಹೂಂ."

ತಂಗಿ ಎದ್ದು ಬಾಗಿಲವರೆಗೆ ಹೋದಳು. ಅಲ್ಲಿ ನಿಂತಳು. ಆ ಹಳೇ ಮಾತು ಬರುತ್ತದೆ ಎಂದು ಮೈಗೆ ರೂಢಿಯಾಗಿತ್ತೋ, ಬೇರೇನನ್ನೋ ಕಾಯುತ್ತಿದ್ದಳೋ. ಕೊನೆಗೆ ಹಿಂದಿರುಗಿ ನೋಡದೆ ಕೇಳಿದಳು. "ಈಗ ಹಿಂದೆ ಇರೋಳು ನೀನು. ಕೂಗಲ್ವಾ?"

ಅಕ್ಕ ದಿಂಬಿನಿಂದ ಮುಖವೆತ್ತಿದಳು. ಗೋಡೆ ಕಾಣುತ್ತಿತ್ತು, ಗೋಡೆಯ ಮೇಲೆ ಕನ್ನಡಿ ತಾಗಿ ಸುಣ್ಣ ಎದ್ದ ಗುರುತು ಕಾಣುತ್ತಿತ್ತು.

"ಕೂಗಲ್ಲ. ಆ ಊರು ನಾನು ನೋಡಿಲ್ಲ, ಆ ಶಾಲೆ ನೋಡಿಲ್ಲ. ನೋಡದೆ ಇರೋದನ್ನ ಭದ್ರ ಅನ್ನಲ್ಲ. ನೀನೇ ಬಗ್ಗಿ ನೋಡ್ಕೊಂಡು ಕಾಲಿಡು. ಯಾರು ಕೂಗಿದ್ರೂ ನಂಬಬೇಡ, ನಾನು ಕೂಗಿದ್ರೂನೂ. ಅಲ್ಲಿ ಆ ಮಕ್ಕಳಿಗೂ ಹೇಳು, ಅವರವರ ಮ್ಯಾಟು ಅವರವರೇ ನೋಡ್ಬೇಕು ಅಂತ. ಭಯ ಬಂದ್ರೆ ಬರ್ಲಿ."

ತಂಗಿಯ ಚಪ್ಪಲಿಯ ಸದ್ದು ಓಣಿಗೆ ಇಳಿಯಿತು, ಮುಂದಕ್ಕೆ ಹೋಯಿತು, ತಿರುವಿನ ಹತ್ತಿರ ನಿಂತಿತು. ಚಿಕ್ಕಮ್ಮ ಅಡುಗೆಮನೆಯಿಂದ ಕೂಗಿದಳು, ಹೊರಳಿಸುವ ಹೊತ್ತಾಯಿತು ಎಂದು. ಅಕ್ಕ ಎರಡೂ ಮುಷ್ಟಿಯಲ್ಲಿ ಹಾಸಿಗೆ ಹಿಡಿದು, ನಾಲಿಗೆಯ ತುದಿಗೆ ಬಂದ ಭದ್ರ ಎಂಬ ಆ ಒಂದು ಕೂಗನ್ನು ದಿಂಬಿಗೆ ಒತ್ತಿ ಹಿಡಿದಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಚಪ್ಪಲಿಯ ಸದ್ದು ತಾನಾಗಿಯೇ ಮತ್ತೆ ಶುರುವಾಯಿತು.